ಅತ್ತಿಗೆ ಬರೆದ ಅಡುಗೆಮನೆ

ಕಡೂರು ಬಸ್ ನಿಲ್ದಾಣದಲ್ಲಿ ಮೊನ್ನೆ ಯಾರೋ ನನ್ನ ಕೈಗೊಂದು ಕರಪತ್ರ ತುರುಕಿ ಹೋದರು. ಹೊಸ ಮನೆಗಳ ಜಾಹೀರಾತು. ಅದರಲ್ಲೊಂದು ಅಡುಗೆಮನೆ, ಅಂಥ ಕಂಪ್ಯೂಟರ್ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಗೋಡೆ, ನೆಲ, ಪಾತ್ರೆ ಎಲ್ಲವೂ ಫಳಫಳ. ಬೆಳಕು ಎಲ್ಲಿಂದ ಬಂತೆಂದು ಹುಡುಕಿದರೆ ಒಂದು ಕಿಟಕಿಯೂ ಇಲ್ಲ. ನಮ್ಮ ಅತ್ತಿಗೆ ನೆನಪಾದಳು.

ಅತ್ತಿಗೆ ತರೀಕೆರೆಯವಳು, ಸಿವಿಲ್ ಡಿಪ್ಲೊಮಾ ಓದಿದವಳು. ಮದುವೆಯಾಗಿ ಅಜ್ಜಂಪುರದ ನಮ್ಮ ಮನೆಗೆ ಬರುವಾಗ ಸೀರೆಗಳ ಜೊತೆ ಡ್ರಾಯಿಂಗ್ ಬೋರ್ಡನ್ನೂ ತಂದಿದ್ದಳು. ಕೋಣೆಗಳ ಒಳಗನ್ನು ಬರೆಯುವುದು ಅವಳ ಹುಚ್ಚು. ನನಗೂ ಕಲಿಸಲು ನೋಡಿದಳು: ಎದುರು ಗೋಡೆಯಲ್ಲಿ ಕಣ್ಣಿನ ಮಟ್ಟಕ್ಕೆ ಒಂದು ಚುಕ್ಕಿ, ದೂರ ಸಾಗುವ ಗೆರೆಗಳೆಲ್ಲ ಅಲ್ಲಿಗೇ ಓಡಬೇಕು. ನಾನು ಬರೆದ ಮಂಚದಲ್ಲಿ ಮಲಗಿದವರು ಉರುಳಿ ಬಾಗಿಲಾಚೆ ಹೋಗುವಂತಿತ್ತು. ಅವಳ ಹಾಳೆಯೊಳಗೆ ಮಾತ್ರ ಚಪ್ಪಲಿ ಬಿಟ್ಟು ನಡೆದುಹೋಗಬಹುದೆನಿಸುತ್ತಿತ್ತು.

ಅಪ್ಪ ಆಗ ಹೊಸ ಮನೆಗೆ ಪಾಯ ತೆಗೆಸಲು ಹೊರಟಿದ್ದರು. ಬಂದವರು ಮೆಚ್ಚುವಂಥ ಹಾಲ್ ಬೇಕೆಂಬುದು ಅವರ ಆಸೆ. ಹಾಗಾಗಿ ನಕ್ಷೆಯಲ್ಲಿ ಹೊರಗೋಡೆಯನ್ನೆಲ್ಲ ಹಾಲೇ ನುಂಗಿ, ಅಡುಗೆಮನೆ ನಡುವೆ ಸಿಕ್ಕಿಕೊಂಡು ಕಿಟಕಿ ಕಳೆದುಕೊಂಡಿತು.

"ಮಾವ, ಅತ್ತೆಗೆ ಬೆಳಕು ಬೇಡ್ವಾ?" ಎಂದಳು ಅತ್ತಿಗೆ.

"ಎಲ್ಲಾ ತೀರ್ಮಾನ ಆಗೈತೆ ಕಣಮ್ಮ."

"ನಂಗೇನು, ಲೈಟ್ ಹಾಕ್ಕೊಂಡು ಮಾಡ್ತೀನಿ ಬಿಡು" ಎಂದ ಅಮ್ಮ ಮತ್ತೆ ಆ ನಕ್ಷೆಯ ಕಡೆ ತಿರುಗಿಯೂ ನೋಡಲಿಲ್ಲ.

ಅತ್ತಿಗೆ ವಾದಿಸಲಿಲ್ಲ. ಇನ್ನೂ ಕಟ್ಟದ ಆ ಮನೆಯನ್ನು, ಅಪ್ಪನ ಕುರ್ಚಿಯಲ್ಲಿ ಕೂತರೆ ಹೇಗೆ ಕಾಣುತ್ತದೋ ಹಾಗೆ ಬರೆದು ಅವರ ಮುಂದಿಟ್ಟಳು. ನೆಲದ ಮೇಲೆ ಓರೆಯಾಗಿ ಬಿದ್ದ ಬಿಸಿಲು, ಕಂಬದ ತೆಳು ನೆರಳು. ಅಪ್ಪ ಹಿಗ್ಗಿದರು. ಆಮೇಲೆ ಬೆರಳಿಟ್ಟು ಕೇಳಿದರು:

"ಇದೇನಮ್ಮ, ಇಲ್ಲಿ ಮಸಿ ಚೆಲ್ದಂಗೈತೆ?"

"ಅದು ಅಡುಗೆಮನೆ ಮಾವ. ಅತ್ತೆ ನಿಂತವ್ರೆ ಅಲ್ಲಿ."

ಅಪ್ಪ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. "ಎಲ್ಲವ್ಳೆ? ಕಾಣ್ತಿಲ್ವಲ್ಲ."

"ನಂಗೂ ಕಾಣ್ಲಿಲ್ಲ ಮಾವ. ಅದಕ್ಕೇ ಹಂಗೇ ಬಿಟ್ಟೆ."

ಮರುದಿನ ಬೆಳಿಗ್ಗೆ ಅಪ್ಪ ಮೇಸ್ತ್ರಿಯನ್ನು ಕರೆಸಿ, ಹಾಲ್ ಚಿಕ್ಕದು ಮಾಡಿ ಅಡುಗೆಮನೆಯನ್ನು ಪೂರ್ವದ ಗೋಡೆಗೆ ತರಲು ಹೇಳಿದರು. ಅವತ್ತು ಅಮ್ಮ ಅತ್ತಿಗೆಗೆ ಇಷ್ಟವೆಂದು ಅಕ್ಕಿರೊಟ್ಟಿ ತಟ್ಟಿದಳು.

ಮೊನ್ನೆ ಬಸ್ಸಿಳಿದು ಮನೆಗೆ ಹೋದರೆ ಹಾಲ್ ಖಾಲಿ. ಅಪ್ಪ ಅಡುಗೆಮನೆಯ ಕಿಟಕಿ ಪಕ್ಕ ಕೂತು ಪೇಪರ್ ಓದುತ್ತಿದ್ದರು. ಅಮ್ಮ ಸೊಪ್ಪು ಸೋಸುತ್ತಿದ್ದಳು. ಅಲ್ಲಿ ವರ್ಷಗಟ್ಟಲೆ ಉಂಡವನು ನಾನು. ಬೆಳಕು ಅವಳ ಯಾವ ಕೆನ್ನೆಗೆ ಬೀಳುತ್ತದೆಂದು ಅವತ್ತೇ ನೋಡಿದ್ದು.

"ಬೆಳಕಿಗೆ ಅಡ್ಡ ಆಯ್ತೀರ, ಒಂಚೂರು ಸರೀರಿ" ಎಂದಳು ಅಮ್ಮ.

ಅಪ್ಪ ಪೇಪರಿನಿಂದ ತಲೆಯೆತ್ತದೆ, ಕುರ್ಚಿ ಸಮೇತ ಸರಿದು ಕೂತರು.