ಫೋರ್ಕ್‌ಲಿಫ್ಟ್‌ಗೊಂದು ಮಣೆ

ಮೊದಲು ಕೊಂಡು ಆಮೇಲೆ ಯೋಚಿಸುವುದು ನನ್ನ ಹುಟ್ಟುಗುಣ. ಮನೆಯ ಬಾಗಿಲಲ್ಲಿ ಹಿಡಿಸದ ಬೀರು ತಂದವನು ನಾನೇ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಗುಂಡ್ಲುಪೇಟೆಯ ನಮ್ಮ ಅರಿಸಿನದ ಗೋದಾಮಿಗೆ ಫೋರ್ಕ್‌ಲಿಫ್ಟ್ ತಂದವನೂ ನಾನೇ.

ತಂದದ್ದು ಮಾದಪ್ಪನ ಬೆನ್ನಿಗಾಗಿ. ಹಂಗಳದ ಮಾದಪ್ಪ ನಮ್ಮ ಹಮಾಲರ ಮುಖಂಡ. ನಾನು ಗೋದಾಮಿನ ಲೆಕ್ಕ ಕಲಿಯುವ ಮೊದಲಿನಿಂದಲೂ ಮೂಟೆ ಹೊತ್ತವನು. ಆ ಹೊತ್ತಿಗೆ ಬಗ್ಗಿದರೆ ಏಳಲು ಗೋಡೆ ಹಿಡಿಯುತ್ತಿದ್ದ. ಆದರೆ ಈ ಮಾತನ್ನು ಅವನಿಗೇ ಹೇಳಬೇಕೆಂದು ನನಗೆ ಹೊಳೆಯಲಿಲ್ಲ, ನೋಡಿ. ಲಾರಿಯಿಂದ ಯಂತ್ರ ಇಳಿದದ್ದೇ, ಅವನು ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಇನ್ನೇನು ಯಜಮಾನ್ರೆ, ನಾನು ಊರ್ಗೆ ಓಯ್ತೀನಿ ಬುಡಿ."

ಪೂಜೆಯಾಗುವ ತನಕವಾದರೂ ಇರು ಎಂದು ಗೋಗರೆದೆ.

ಹಾರ, ಕುಂಕುಮ, ಚಕ್ರಕ್ಕೊಂದು ನಿಂಬೆಹಣ್ಣು, ಎಲ್ಲ ಸಾಂಗವಾಯಿತು. ಕಂಪನಿಯ ಡ್ರೈವರ್ ಯಂತ್ರದ ಎರಡು ಕಬ್ಬಿಣದ ಕೈಗಳನ್ನು ನೆಲಕ್ಕಿಳಿಸಿ ಮೂಟೆಗಳತ್ತ ನುಗ್ಗಿಸಿದ. ನಮ್ಮ ಮೂಟೆಗಳೋ, ಅಜ್ಜನ ಕಾಲದಿಂದಲೂ ನೆಲಕ್ಕೆ ಅಂಟಿಕೊಂಡೇ ಕೂತವು. ಕೈ ತೂರಲು ಸಂದೆಲ್ಲಿ? ಎರಡೂ ಸೀದಾ ಮೂಟೆಯ ಹೊಟ್ಟೆಗೇ ಹೊಕ್ಕವು. ಅರಿಸಿನದ ಕೊಂಬು ದಬದಬನೆ ಸುರಿದು, ಧೂಳೆದ್ದು, ಯಂತ್ರ, ಡ್ರೈವರ್, ನಾನು, ಮೂವರೂ ಮದುವೆಗೆ ತಯಾರಾದವರಂತೆ ಹಳದಿಯಾದೆವು.

ಮಾದಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲ ಯಜಮಾನ್ರೆ, ನೆಂಟ್ರು ಬಂದ್ರೆ ಕೂರಕೆ ಮಣೆ ಆಕಕಿಲ್ವಾ? ಮೂಟೆ ಅಡಿಗೂ ಒಂದು ಮಣೆ ಕೊಡಿ, ಕೈ ತೂರುಸ್ತದೆ!"

ಟವಲ್ ಹೆಗಲಿನಿಂದ ತಲೆಗೇರಿ ರುಮಾಲಾಯಿತು. ಆಗ ನನಗಾದ ಸಂತೋಷ ಯಂತ್ರ ಕೊಂಡಾಗಲೂ ಆಗಿರಲಿಲ್ಲ. ಬಡಗಿಯನ್ನು ಕರೆಸಿ, ಹಲಗೆ ಹೊಡೆಸಿ, ಮಣೆಗೆ ಎಷ್ಟು ಮೂಟೆ, ಯಾವ ಕಡೆ ಬಾಯಿ ಎಂಬುದನ್ನೆಲ್ಲ ಮಾದಪ್ಪನೇ ನಿಶ್ಚಯಿಸಿದ. ಪ್ಯಾಲೆಟ್ ಎಂಬ ಹೆಸರು ನಮಗೆ ಆಮೇಲೆ ತಿಳಿಯಿತು. ಗೋದಾಮಿನಲ್ಲಿ ಇವತ್ತಿಗೂ ಅದು ಮಣೆಯೇ.

ತಿಂಗಳೊಪ್ಪತ್ತಿನಲ್ಲಿ ಯಂತ್ರದ ಸೀಟೂ ಮಾದಪ್ಪನದಾಯಿತು. ಹಿಂದೆ ಎಲ್ಲರೂ ಕೂಡಿ ಮೂಟೆ ಎತ್ತುವಾಗ ಕೂಗುತ್ತಿದ್ದ ಹಾಗೆಯೇ, ಅವನು ಲಿವರ್ ಎಳೆಯುವಾಗ "ಐಸಾ!" ಎಂದು ಕೂಗುತ್ತಾನೆ. ಮಣೆಗೆ ಮೂಟೆ ಪೇರಿಸಿ ಬದಿಗೆ ನಿಂತ ಹಮಾಲರೂ "ಐಸಾ!" ಎನ್ನುತ್ತಾರೆ.

"ಡೀಸೆಲ್ ಕುಡಿದು ಎತ್ತೋದಕ್ಕೆ ಐಸಾ ಯಾಕೋ ಮಾದಪ್ಪ?" ಎಂದು ಕೆಣಕಿದೆ.

"ಒಂಟಿಯಾಗಿ ಎತ್ತು ಅಂತ ಬುಟ್ಟುಬುಟ್ರೆ ಅದ್ಕೂ ಬ್ಯಾಸರ ಆಯ್ತದೆ ಕಣಿ."

ಹುಟ್ಟಿದಾರಭ್ಯ ಒಂದು ಮೂಟೆಯನ್ನೂ ಹೊರದವನು ನಾನು. ಈಗ ಯಂತ್ರ ಗುಟುರು ಹಾಕಿದಾಗಲೆಲ್ಲ, ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಂದಲೇ, ಯಾರಿಗೂ ಕೇಳಿಸದ ಹಾಗೆ, ನಾನೂ ಒಂದು ಐಸಾ ಸೇರಿಸುತ್ತೇನೆ.