ಕೆಂಪಯ್ಯ ಗೆದ್ದ ಸಭೆ

ತೋವಿನಕೆರೆಯ ಕೆಂಪಯ್ಯ ರಾಗಿ ಬೆಳೆಯುವ ರೈತ. ಆದರೆ ಕೊರಟಗೆರೆ ಪೇಟೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು 'ದೊರೆ' ಎಂದೇ. ಮೀಸೆ ಚಿಗುರಿದ ವಯಸ್ಸಿನಿಂದ ಪೇಟೆಯ ಹಳೆಯ ಸಭಾಮಂದಿರದಲ್ಲಿ ವರ್ಷಕ್ಕೊಮ್ಮೆ ಪಾಳೆಯಗಾರರ ನಾಟಕವಾಡಿ, ದೊರೆಯ ಕಿರೀಟ ತೊಟ್ಟವನು ಅವನು. ಎದುರಾಳಿ ಸೇನಾಪತಿಯಾಗಿ ಬಂದು ಅವನನ್ನು ಕತ್ತಿಯಿಂದ ಉರುಳಿಸುತ್ತಿದ್ದವನು ತೋವಿನಕೆರೆಯವನೇ ಆದ ಟೈಲರ್ ದಾಸಯ್ಯ. ಬಣ್ಣ ಒರೆಸಿಕೊಂಡ ಮೇಲೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಊರಿಗೆ ಮರಳುತ್ತಿದ್ದರು.

ಆ ಮಂದಿರ ಮಹಾರಾಜರ ಕಾಲದ್ದು. ಜನರೇ ಗಾಡಿ ಹೂಡಿ ಕಲ್ಲು ತಂದು ಕಟ್ಟಿದ್ದು. ಹಗಲು ಭಾಷಣ, ಸಂಜೆ ನಾಟಕ. ಸ್ವಾತಂತ್ರ್ಯದ ಮಾತು ಪೇಟೆಯವರ ಕಿವಿಗೆ ಬಿದ್ದದ್ದೂ ಅಲ್ಲೇ. ಮೈಕಿಲ್ಲದೆ ಆಡಿದ ಮಾತು ಬಾಗಿಲಲ್ಲಿ ನಿಂತವರಿಗೂ ಕೇಳಿಸುತ್ತಿತ್ತು.

ಬರಬರುತ್ತ ಹೆಂಚು ಒಡೆದವು, ತೊಲೆಗಳಿಗೆ ಗೆದ್ದಲು ಹತ್ತಿತು. ಕೆಡವಿ, ಕೆಳಗೆ ಅಂಗಡಿ, ಮೇಲೆ ಹೊಸ ರಂಗಮಂದಿರ ಕಟ್ಟೋಣವೆಂದು ಮಂದಿರದ ಸಮಿತಿಯ ಅಧ್ಯಕ್ಷ ಜಯರಾಮಯ್ಯ ಅಲ್ಲಿಯೇ ಊರವರ ಸಭೆ ಕರೆದ.

ದಾಸಯ್ಯ ಮೊದಲು ಎದ್ದ. "ತೊಲೆ ಬದಲಾಯ್ಸಿ, ಹೆಂಚು ಬದಲಾಯ್ಸಿ. ಕೆಡವ್ಬುಟ್ರೆ ಇಂಥ ಗೋಡೆ ಇನ್ಯಾರು ಕಟ್ತಾರೆ?" ಎಂದವನು ಮುಂದೆ ಮಾತು ಸಿಗದೆ ತಡವರಿಸಿದ.

ಕೆಂಪಯ್ಯನಿಗೆ ಜಯರಾಮಯ್ಯ ತೋರಿಸಿದ ನಕಾಶೆ ತಲೆಗೇರಿತ್ತು. ಬಾಲ್ಕನಿ, ಬಣ್ಣದ ಲೈಟು, ಹೆಂಗಸರಿಗೆ ಬೇರೆ ಕೋಣೆ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ನೇರ ರಂಗದ ಮೇಲೆಯೇ ಹತ್ತಿದ.

"ಸೋರೋ ಸೂರಡಿ ದೊರೆ ಎಷ್ಟು ದಿನ ನೆನೀತಾ ಕೂತ್ಕಬೇಕು? ನಮ್ಮ ಸೇನಾಪತಿಗೆ ಹೊಸ ಅರಮನೆ ಕಂಡ್ರೆ ಪುಕಪುಕ ಕಣ್ರಪ್ಪಾ!"

ಸಭೆ ಗೊಳ್ಳೆಂದು ನಕ್ಕಿತು. ಸಿಳ್ಳೆ ಬಿದ್ದವು. ಒಪ್ಪಿಗೆಯ ಕೈಗಳು ಎದ್ದವು. ದಾಸಯ್ಯ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮಂದಿರ ಬಿತ್ತು. ಅಂಗಡಿಗಳೇನೋ ಎದ್ದವು, ಬೇಕರಿ ಬಂತು, ಮೊಬೈಲು ಮಾರುವವರು ಬಂದರು. ಮೇಲಿನ ಮಹಡಿಯಲ್ಲಿ ಮಾತ್ರ ಕಂಬಿಗಳು ತುಕ್ಕು ಹಿಡಿಯುತ್ತ ನಿಂತವು. ಕೇಳಿದಾಗಲೆಲ್ಲ ಜಯರಾಮಯ್ಯ, "ಆಯ್ತದೆ ಬುಡು ದೊರೆ, ಯಾಕಂಗೆ ಅವಸರ?" ಎನ್ನುತ್ತಿದ್ದ. ಆಮೇಲೆ ಸಮಿತಿಯೇ ಬದಲಾಯಿತು. ನಾಟಕ ಬಸ್ ನಿಲ್ದಾಣದ ಪಕ್ಕದ ಶಾಮಿಯಾನಕ್ಕೆ ಬಂತು. ಕೆಂಪಯ್ಯನ ದನಿ ಮೈಕಿನೊಳಗೆ ಹೊಕ್ಕು ತಗಡಿನಂತೆ ಹೊರಬರುತ್ತಿತ್ತು. ಗೊರವನಹಳ್ಳಿ ಬಸ್ಸಿನ ಹಾರ್ನಿಗೆ ಅದೂ ಮುಳುಗುತ್ತಿತ್ತು. ದಾಸಯ್ಯ ಅತ್ತ ತಲೆ ಹಾಕಲಿಲ್ಲ; ಸೇನಾಪತಿಯ ವೇಷ ಯಾರ್ಯಾರೋ ಕಟ್ಟಿದರು.

ಈ ವರ್ಷ ಕೆಂಪಯ್ಯ ತಡೆಯಲಾರದೆ ಅವನ ಮನೆಗೆ ಹೋದ. ದಾಸಯ್ಯ ಸ್ಕೂಲಿನ ಅಂಗಿಯೊಂದನ್ನು ಹೊಲಿಯುತ್ತಿದ್ದ. ಅವನ ಹೆಂಡತಿ ಲಕ್ಕಮ್ಮ ಕಾಫಿ ತಂದಿಟ್ಟಳು.

"ಈ ಸಲ ನೀನೇ ಬರಬೇಕು ಕಣ್ಲಾ."

"ಮಂಡಿ ನೋವು."

"ಅವತ್ತು ನಾನು ಅಂಗನ್ನಬಾರದಿತ್ತು."

ದಾಸಯ್ಯ ಮಷೀನು ನಿಲ್ಲಿಸಲಿಲ್ಲ. "ನೀನಂದಿದ್ದಕ್ಕಲ್ಲ ಕೆಂಪಾ. ಜನ ನಕ್ರಲ್ಲ... ಆ ಜಾಗ್ದಾಗೆ ನನ್ನ ನೋಡಿ ಯಾವತ್ತೂ ಯಾರೂ ನಕ್ಕಿರಲಿಲ್ಲ."

ಕೆಂಪಯ್ಯ ಕೆನೆಗಟ್ಟಿದ ಕಾಫಿಯನ್ನು ಕುಡಿದು ಎದ್ದ.

ಸಿರಾದಿಂದ ಹೊಸ ಸೇನಾಪತಿಯನ್ನು ಕರೆಸಿದರು. ಚುರುಕಿನ ಹುಡುಗ, ಕತ್ತಿ ಚೆನ್ನಾಗಿ ತಿರುಗಿಸುತ್ತಿದ್ದ. ಕೊನೆಯ ಕಾಳಗದಲ್ಲಿ ಆ ಕತ್ತಿ ಇನ್ನೂ ಎತ್ತರದಲ್ಲಿರುವಾಗಲೇ ಕೆಂಪಯ್ಯ ತನ್ನ ಕತ್ತಿ ತಗ್ಗಿಸಿ ತಾನಾಗಿಯೇ ನೆಲಕ್ಕೆ ಬಿದ್ದ. ಹುಡುಗ ಗಲಿಬಿಲಿಯಾಗಿ ಪರದೆಯ ಕಡೆ ನೋಡಿದ. ಜನ ಚಪ್ಪಾಳೆ ಹೊಡೆದರು.