ಸಿಸ್ಟರ್ ಅಂಟಿಸಿದ ಬ್ಯಾಟು

ಅವರ ಬಲಗೈ ಹೆಬ್ಬೆರಳಿನ ಮೇಲೆ ಒಣಗಿದ ಅಂಟಿನ ತೆಳುವಾದ ಪೊರೆಯೊಂದು ಆಗಾಗ ಕಾಣಿಸುತ್ತಿತ್ತು. ಡ್ಯೂಟಿಗೆ ಹೊರಡುವ ಮುನ್ನ ಬಾಗಿಲಲ್ಲಿ ನಿಂತು, ಎಡಗೈ ಉಗುರಿನಿಂದ ಅದನ್ನು ಮೆಲ್ಲಗೆ ಎಬ್ಬಿಸಿ, ಬೆಳ್ಳುಳ್ಳಿ ಸಿಪ್ಪೆ ಸುಲಿದಂತೆ ಸುಲಿಯುತ್ತಿದ್ದರು. ಆಮೇಲೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಆ ಕೈಗಳಲ್ಲಿ ಹುಟ್ಟಿದ ಮಕ್ಕಳು ಈಗ ಕುಷ್ಟಗಿಯ ಪ್ರತಿ ಓಣಿಯಲ್ಲೂ ಇದ್ದಾರೆ. ನನ್ನ ಮಗಳೂ ಅವರಲ್ಲಿ ಒಬ್ಬಳು.

ಅವರು ಹೆರಿಗೆ ವಾರ್ಡಿನ ನರ್ಸ್. ಹಿರಿಯರಿಗೆ ನರ್ಸಬಾಯಿ, ಉಳಿದವರಿಗೆಲ್ಲ ಸಿಸ್ಟರ್. ನಮ್ಮದು ಪಕ್ಕದ ಮನೆ. ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಆಸ್ಪತ್ರೆಯ ಸುದ್ದಿ ಕೇಳಲು ಅವರ ಮನೆಗೆ ಹೋಗುತ್ತಿದ್ದೆ, ಅವರು ಸುದ್ದಿ ಬಿಟ್ಟು ಮಿಕ್ಕೆಲ್ಲವನ್ನೂ ಹೇಳಿ ಚಹಾ ಕುಡಿಸಿ ಕಳಿಸುತ್ತಿದ್ದರು. ಸಂಜೆ ನೌಕರರ ಭವನದಲ್ಲಿ ಟೇಬಲ್ ಟೆನಿಸ್ ಆಡುವುದು ಅವರಿಗಿದ್ದ ಒಂದೇ ಹವ್ಯಾಸ. ನರ್ಸಿಂಗ್ ಓದುವಾಗ ಹಾಸ್ಟೆಲ್ಲಿನಲ್ಲಿ ಕಲಿತಿದ್ದರಂತೆ.

ಹೆರಿಗೆ ವಾರ್ಡಿನಲ್ಲಿ ಅವರು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ರಕ್ತಸ್ರಾವ ಆಗುತ್ತಿರಲಿ, ಕರೆಂಟು ಹೋಗಿರಲಿ, ಹೊರಗೆ ನೆಂಟರು ಜಗಳ ಮಾಡುತ್ತಿರಲಿ, ಅವರ ನಡಿಗೆ ಬದಲಾಗುತ್ತಿರಲಿಲ್ಲ. ಆದರೆ ಬ್ಯಾಟಿಗೆ ರಬ್ಬರ್ ಅಂಟಿಸುವ ದಿನ ಅವರ ಮನೆಗೆ ಹೋಗಲು ನನಗೆ ಅಂಜಿಕೆಯಾಗುತ್ತಿತ್ತು. ಫ್ಯಾನ್ ಹಚ್ಚಿದರೆ ಸಿಟ್ಟು, ಬಾಗಿಲು ತೆರೆದರೆ ಸಿಟ್ಟು.

"ಧೂಳ ಬರ್ತೈತಿ ತಮ್ಮಾ, ಬಾಗಲಾ ಹಾಕು. ಹಾಕಿ ಒಳಗರ ಬಾ, ಇಲ್ಲಾ ಹೊರಗರ ಹೋಗು. ಹೊಸ್ತಿಲದಾಗ ನಿಂದ್ರಬ್ಯಾಡ."

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಯಾಟು ಅವರಿಗೆ ಒಗ್ಗುತ್ತಿರಲಿಲ್ಲ. ಕಟ್ಟಿಗೆಯ ಹಲಗೆ ಬೇರೆ, ಒಂದು ಬದಿಯ ಕೆಂಪು ರಬ್ಬರ್ ಬೇರೆ, ಇನ್ನೊಂದು ಬದಿಯ ಕಪ್ಪು ರಬ್ಬರ್ ಬೇರೆ ತರಿಸಿ ತಾವೇ ಜೋಡಿಸುತ್ತಿದ್ದರು. ಅಂಟು ಹಚ್ಚಿದಾಗ ಹಾಲಿನಂತೆ ಬೆಳ್ಳಗಿರುತ್ತದೆ. ಒಣಗುತ್ತ ಬಿಳುಪು ಹೋಗಿ ಪೂರ್ತಿ ತಿಳಿಯಾಗುತ್ತದೆ. ತಿಳಿಯಾದ ಮೇಲೆಯೇ ರಬ್ಬರನ್ನು ಹಲಗೆಯ ಮೇಲೆ ಕೂರಿಸಬೇಕು. "ಹಾಲು ಹೋಗಿ ಗಾಜು ಆಗಬೇಕು," ಎನ್ನುತ್ತಿದ್ದರು. ಹಸಿ ಇದ್ದಾಗಲೇ ಕೂರಿಸಿದರೆ ತೇವ ಒಳಗೇ ಸಿಕ್ಕಿಕೊಂಡು, ಕಾವು ತಾಗಿದಾಗ ರಬ್ಬರ್ ಉಬ್ಬುತ್ತದೆ. ಉಬ್ಬಿದ ಕಡೆ ಚೆಂಡು ಬಿದ್ದರೆ ಸತ್ತು ಬೀಳುತ್ತದೆ.

ಕೂರಿಸಿದ ರಬ್ಬರಿನ ಮೇಲೆ ಹಳೆಯ ಗಾಜಿನ ಸಲಾಯಿನ್ ಬಾಟಲಿಯನ್ನು ರೊಟ್ಟಿ ಲಟ್ಟಿಸುವಂತೆ ಉರುಳಿಸುತ್ತಿದ್ದರು. ಹೆಚ್ಚಾದ ಅಂಚನ್ನು ಆಪರೇಷನ್ ಬ್ಲೇಡಿನಿಂದ ಕತ್ತರಿಸುತ್ತಿದ್ದರು. ಟೇಬಲ್ಲಿಗೆ ಬಡಿದು ಕಟ್ಟಿಗೆ ಸಿಬಿರು ಏಳದಂತೆ ಅಂಚಿನ ಸುತ್ತ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಪಟ್ಟಿ ಸುತ್ತುತ್ತಿದ್ದರು. ಅದನ್ನು ಆಸ್ಪತ್ರೆಯಿಂದ ತರದೆ ಮೆಡಿಕಲ್ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಕೊನೆಗೆ ರಬ್ಬರಿನ ಮೇಲೆ ಧೂಳು ಕೂರದಂತೆ, ಬ್ಯಾಟಿನ ಆಕಾರಕ್ಕೆ ಕತ್ತರಿಸಿದ ಎಕ್ಸರೇ ಫಿಲ್ಮು. ಅವರದೇ ಮೊಣಕಾಲಿನ ಎಕ್ಸರೇ.

"ನೋಡು, ನನ್ನ ಮೊಣಕಾಲು ನನಗ ಉಪಯೋಗ ಇಲ್ಲದಿದ್ರೂ ಬ್ಯಾಟ್ ಕಾಯಾಕತ್ತೈತಿ," ಎಂದು ನಗುತ್ತಿದ್ದರು.

ಜಿಲ್ಲಾ ಮಟ್ಟದ ಸರ್ಕಾರಿ ನೌಕರರ ಕ್ರೀಡಾಕೂಟದಲ್ಲಿ ಅವರು ಮತ್ತೆ ಮತ್ತೆ ಫೈನಲ್ ತಲುಪಿ ಸೋತಿದ್ದರು. ಸೋಲಿಸುತ್ತಿದ್ದವರು ಪ್ರತಿ ಸಲವೂ ಒಬ್ಬರೇ, ಗಂಗಾವತಿಯ ಖಜಾನೆ ಕಚೇರಿಯ ಗುಮಾಸ್ತೆ. ಎತ್ತರದ ಹೆಂಗಸು, ಮಾತು ಒರಟು, ಹೊಡೆತ ಅದಕ್ಕಿಂತ ಒರಟು. ನಾನು ಹೇಳುತ್ತಿರುವುದು ಸಿಸ್ಟರ್ ನಿವೃತ್ತರಾಗಲಿದ್ದ ವರ್ಷದ ಮಾತು. ನಿವೃತ್ತರಿಗೆ ಆ ಕೂಟದಲ್ಲಿ ಜಾಗವಿಲ್ಲ. ಗೆದ್ದರೆ ಈ ಸಲವೇ ಗೆಲ್ಲಬೇಕಿತ್ತು. ಈ ಮಾತನ್ನು ಅವರು ಬಾಯಿಬಿಟ್ಟು ಆಡಲಿಲ್ಲ. ಹೊಸ ರಬ್ಬರ್ ತರಿಸಿದರು, ಅಷ್ಟೇ.

ಕೂಟದ ಹಿಂದಿನ ದಿನ ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದೆ. ಕೆಂಪು ಬದಿ ಮುಗಿದಿತ್ತು. ಕಪ್ಪು ಬದಿಗೆ ಅಂಟು ಹಚ್ಚಿ ಆಗಷ್ಟೇ ಒಣಗಲು ಇಟ್ಟಿದ್ದರು. ಮೋಡ ಕವಿದಿದ್ದರಿಂದ ತಡವಾಗುತ್ತಿತ್ತು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ತಾವರಗೇರಾ ಕಡೆಯ ಹೆಣ್ಣುಮಗಳು, ಚೊಚ್ಚಲ ಹೆರಿಗೆ, ಮಗುವಿನ ಕಾಲುಗಳು ಮುಂದೆ ಬಂದಿವೆ. ಡಾಕ್ಟರು ಇದ್ದರು. ಆದರೆ ಡ್ಯೂಟಿಯಲ್ಲಿದ್ದ ಸಿಸ್ಟರ್ ಹೊಸಬಳು, ಕೈಕಾಲು ಆಡುತ್ತಿಲ್ಲ ಎನ್ನುತ್ತಿದ್ದಳು.

ಇವರಿಗೆ ಅಂದು ರಜೆ. ಹೋಗಲೇಬೇಕೆಂದು ಯಾರೂ ಹೇಳಿರಲಿಲ್ಲ. ಫೋನು ಇಟ್ಟು ಬ್ಯಾಟಿನ ಕಡೆ ನೋಡಿದರು. ಅಂಟು ಇನ್ನೂ ಬೆಳ್ಳಗೆ ಇತ್ತು. ತೆರೆದಿಟ್ಟು ಹೋದರೆ ಧೂಳು ಹಿಡಿದು ಪೂರ್ತಿ ಕೆಡುತ್ತದೆ.

"ಹಸಿ ಐತಿ," ಅಂದರು. "ಹಸಿ ಐತಿ ಅಂತ ಗೊತ್ತಿದ್ದೂ ಹಚ್ಚಾಕತ್ತೀನಿ ನೋಡು."

ರಬ್ಬರ್ ಕೂರಿಸಿ, ಬಾಟಲಿ ಉರುಳಿಸಿ, ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಬ್ಯಾಟು ಇಟ್ಟು ಚಪ್ಪಲಿ ಮೆಟ್ಟಿಕೊಂಡರು. ಸಂಜೆ ಮರಳಿ ಬಂದಾಗ ತಾಯಿ, ಮಗು ಇಬ್ಬರೂ ಕ್ಷೇಮ ಎಂದರು. ಅಂಚಿಗೆ ಪ್ಲಾಸ್ಟರ್ ಸುತ್ತುವಾಗ ಕಪ್ಪು ಬದಿಯ ಮೇಲೆ ಬೆರಳಾಡಿಸಿದರು. ನಟ್ಟನಡುವೆ ಹುಣಸೆಬೀಜದಷ್ಟು ಗುಳ್ಳೆ ಎದ್ದಿತ್ತು. ಕಿತ್ತು ಮತ್ತೆ ಅಂಟಿಸಲೋ ಬೇಡವೋ ಎಂಬ ಗೊಂದಲ ಮುಖದಲ್ಲಿತ್ತು. ಮುಟ್ಟದೆ ಬಿಟ್ಟರು.

ಮರುದಿನ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋದೆವು. ಕೂಟದ ವರದಿ ನನ್ನ ಕೆಲಸವೂ ಆಗಿತ್ತು. ಯಲಬುರ್ಗಾ ಕಡೆಯಿಂದ ಬಂದ ಶಿಕ್ಷಕಿಯರು ಸೀಟಿಗಾಗಿ ಮಾಡಿದ ಗದ್ದಲದ ನಡುವೆ ಸಿಸ್ಟರ್ ಬ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಸೆರಗು ಮುಚ್ಚಿಕೊಂಡಿದ್ದರು. ಆಗಾಗ ಎಕ್ಸರೇ ಫಿಲ್ಮನ್ನು ಸರಿಸಿ ಬೆರಳಿಂದ ಒತ್ತಿ ನೋಡುವುದು, ಮತ್ತೆ ಮುಚ್ಚುವುದು. 

ಮೊದಲ ಸುತ್ತಿನಲ್ಲಿ ಗೆದ್ದರು. ಸೆಮಿಫೈನಲ್ ನಡೆಯುವಾಗ ಕಪ್ಪು ಬದಿಯಿಂದ ಬಂದ ಚೆಂಡುಗಳು ಒಂದೆರಡು ಸಲ ನೆಟ್ಟಿನ ಬುಡಕ್ಕೇ ಬಿದ್ದವು. ಹೇಗೋ ಗೆದ್ದು ಹೊರಬಂದು ತೋರಿಸಿದರು. ನಟ್ಟನಡುವೆ ಹುಣಸೆಬೀಜದಷ್ಟಿದ್ದ ಗುಳ್ಳೆ ಪೂರಿಯಂತೆ ಉಬ್ಬಿತ್ತು.

ಅಂಪೈರ್ ಆಗಿದ್ದ ದೈಹಿಕ ಶಿಕ್ಷಕರು ಬ್ಯಾಟು ಹಿಡಿದು ತಲೆ ಅಲ್ಲಾಡಿಸಿದರು. "ಸಿಸ್ಟರ್, ಇದ್ರಾಗ ಫೈನಲ್ ಆಡಾಕ ಬಿಡಂಗಿಲ್ರಿ. ನಾಳೆ ಯಾರರ ತಕರಾರು ತಗದ್ರ ನನಗ ತ್ರಾಸು. ಬ್ಯಾರೆ ಬ್ಯಾಟ್ ತಗೋರಿ."

ಗಂಗಾವತಿಯ ಗುಮಾಸ್ತೆ ಅಲ್ಲೇ ಕೂತಿದ್ದರು. "ನನ್ನ ಕಡೆ ಇನ್ನೊಂದ ಐತ್ರಿ. ತಗೋರಿ, ಆಡ್ರಿ."

"ಬ್ಯಾಡ್ರಿ," ಅಂದರು ಸಿಸ್ಟರ್. "ನಿಮ್ಮ ಬ್ಯಾಟಿಗೆ ನಿಮ್ಮನ್ನ ಸೋಲಸೂದು ಹೆಂಗ ಗೊತ್ತಿರ್ತೈತ್ರಿ?"

ಗುಮಾಸ್ತೆ ನಕ್ಕರು. ಸಿಸ್ಟರ್ ನಗಲಿಲ್ಲ. ಮಹಿಳೆಯರ ಫೈನಲ್‌ಗೆ ಮುಂಚೆ ಪುರುಷರ ಡಬಲ್ಸ್ ಪಂದ್ಯವೊಂದು ಬಾಕಿ ಇತ್ತು. ಅದು ಮುಗಿಯುವವರೆಗೆ ಮಾತ್ರ ಕಾಲಾವಕಾಶ ಎಂದರು ಅಂಪೈರು.

ಸಿಸ್ಟರ್ ವರಾಂಡದ ಮೂಲೆಯಲ್ಲಿ ಕಾಲು ಚಾಚಿ ಕೂತು ಚೀಲದಿಂದ ಅಂಟಿನ ಬಾಟಲಿ ತೆಗೆದರು. ಪ್ಲಾಸ್ಟರ್ ಬಿಚ್ಚಿ, ಕಪ್ಪು ರಬ್ಬರನ್ನು ಹಿಡಿಕೆಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎಳೆದರು. ಹರಿದರೆ ಎಲ್ಲ ಮುಗಿದಂತೆ.  ಹರಿಯಲಿಲ್ಲ. ಹಳೆಯ ಅಂಟನ್ನು ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಉಂಡೆ ಮಾಡಿ ತೆಗೆದು, ಹಲಗೆಗೂ ರಬ್ಬರಿಗೂ ಹೊಸದಾಗಿ ತೆಳ್ಳಗೆ ಹಚ್ಚಿದರು. ಎರಡೂ ಬೆಳ್ಳಗಾದವು.

ಬಿಸಿಲಿರಲಿಲ್ಲ. ಕರೆಂಟೂ ಹೋಯಿತು. ನಾನು ಬಗ್ಗಿ ಊದಲು ಹೋದೆ.

"ಬಾಯಿ ಗಾಳಿ ಹಸಿ ಇರ್ತೈತಿ, ಊದಬ್ಯಾಡ. ಆ ಪೇಪರ್‌ಲೆ ಬೀಸು."

ಚೀಲದಲ್ಲಿದ್ದ ಅಂದಿನ ಪತ್ರಿಕೆಯನ್ನು ಮಡಚಿ ಬೀಸತೊಡಗಿದೆ.

"ನಿಮ್ಮ ಪೇಪರ್ ಇವತ್ತರ ಉಪಯೋಗಕ್ಕ ಬಂತು," ಅಂದರು. ಅವರ ಕಣ್ಣು ಅಂಟಿನ ಮೇಲಿಂದ ಕದಲಿರಲಿಲ್ಲ. 

ಸ್ವಲ್ಪ ಹೊತ್ತಿಗೊಮ್ಮೆ ಒಳಗೆ ಹೋಗಿ ಡಬಲ್ಸ್ ಎಲ್ಲಿಗೆ ಬಂತೆಂದು ನೋಡಿಬಂದು ಹೇಳುವುದು ನನ್ನ ಕೆಲಸವಾಯಿತು. ಪಂದ್ಯ ಬೇಗ ಮುಗಿಯದಿರಲಿ ಎಂದು ನಾನು ಬೇಡಿಕೊಂಡದ್ದು ವರದಿಗಾರನಾಗಿ ಅದೇ ಮೊದಲು.

"ಎಷ್ಟಾತು?"

"ಒಂದು ಕಡೆಯವ್ರು ಎರಡು ಗೇಮ್ ಗೆದ್ದಾರ್ರಿ, ಇನ್ನೊಂದು ಗೆದ್ರ ಮುಗೀತು."

"ಸೋಲಾವ್ರಿಗೆ ಹೋಗಿ ಸ್ವಲ್ಪ ಧೈರ್ಯ ಹೇಳು."

ಸೋಲುವವರು ಧೈರ್ಯ ತಂದುಕೊಳ್ಳಲಿಲ್ಲ. ಪಂದ್ಯ ಮುಗಿಯಿತು. ಮೈಕಿನಲ್ಲಿ ಮಹಿಳೆಯರ ಫೈನಲ್ ಎಂದು ಕೂಗಿದರು. ಹಲಗೆಯ ಅಂಚೆಲ್ಲ ತಿಳಿಯಾಗಿತ್ತು, ನಡುವೆ ಬೆಳ್ಳಗಿನ ಮಚ್ಚೆ ಉಳಿದಿತ್ತು.

"ಹಚ್ಚಿಬಿಡ್ರಿ ಸಿಸ್ಟರ್, ಸಾಕು," ಅಂದೆ.

"ನಿನ್ನಿ ಆಸ್ಪತ್ರ್ಯಾಗ ಒಂದು ಜೀವ ಕಾಯಾಕತ್ತಿತ್ತು, ಹಚ್ಚಿ ಓಡಿದೆ. ಇವತ್ತ ಯಾರು ಕಾಯಾಕತ್ಯಾರ? ಹೋಗಿ ಹೇಳು, ಒಣಗಿಲ್ಲ ಅಂತ."

ಒಳಗೆ ಹೋಗಿ ಹೇಳಿದೆ. ಸಂಘಟಕರೊಬ್ಬರು ಗಡಿಯಾರ ನೋಡಿದರು. ಬಹುಮಾನ ವಿತರಣೆಗೆ ಅಧಿಕಾರಿಗಳು ಬರುವ ಹೊತ್ತಾಗಿದೆ, ಸಿಸ್ಟರ್ ಇನ್ನೂ ಬರದಿದ್ದರೆ ವಾಕ್‌ಓವರ್ ಕೊಡಬೇಕಾಗುತ್ತದೆ ಎಂದರು. ಗುಮಾಸ್ತೆ ಬ್ಯಾಟು ಹಿಡಿದು ಟೇಬಲ್ಲಿನ ಬಳಿ ನಿಂತಿದ್ದರು. ಸುಮ್ಮನೆ ನಿಂತಿದ್ದರೂ ಸಾಕಿತ್ತು, ಗೆಲುವು ಅವರದೇ. ಅವರು ಬ್ಯಾಟನ್ನು ಟೇಬಲ್ಲಿನ ಮೇಲಿಟ್ಟರು.

"ನಾ ಇನ್ನೂ ಉಂಡಿಲ್ರಿ. ಹಸದ ಹೊಟ್ಟಿಲೆ ಫೈನಲ್ ಆಡಂಗಿಲ್ಲ."

"ಮೇಡಂ, ಆಗಲೇ ಉಂಡ್ರಲ್ರಿ?" ಎಂದರು ಸಂಘಟಕರು.

"ನನ್ನ ಹೊಟ್ಟಿ ಲೆಕ್ಕ ನೀವು ಇಡಬ್ಯಾಡ್ರಿ."

ಹೋಗಿ ಊಟದ ಸಾಲಿನಲ್ಲಿ ನಿಂತರು. ಅನ್ನ ಸಾರು ಹಾಕಿಸಿಕೊಂಡು, ಗೋಡೆಗೆ ಒರಗಿ, ಒಂದೊಂದೇ ತುತ್ತು ಉಂಡರು. ಮಜ್ಜಿಗೆ ಕೇಳಿ ತರಿಸಿಕೊಂಡರು. ವರಾಂಡದ ಕಡೆಗೆ ಒಮ್ಮೆಯೂ ನೋಡಲಿಲ್ಲ. ಸಂಘಟಕರು ಅತ್ತಿಂದಿತ್ತ ತಿರುಗಾಡಿ ಕೊನೆಗೆ ಕೂತುಬಿಟ್ಟರು. ಮಜ್ಜಿಗೆಯ ಲೋಟ ಖಾಲಿಯಾಗುವ ಹೊತ್ತಿಗೆ ಸಿಸ್ಟರ್ ಬಾಗಿಲಲ್ಲಿ ಕಾಣಿಸಿಕೊಂಡರು. ಪ್ಲಾಸ್ಟರನ್ನು ಹಲ್ಲಿನಿಂದ ಹರಿದು ಸುತ್ತುತ್ತಲೇ ಒಳಗೆ ಬಂದರು.

ಮೊದಲ ಎರಡು ಗೇಮ್ ಸೋತರು. ಕಪ್ಪು ಬದಿಯನ್ನು ಬಳಸಲು ಹೆದರಿ ಎಲ್ಲವನ್ನೂ ಕೆಂಪು ಬದಿಯಿಂದಲೇ ಹೊಡೆಯಲು ಹೋಗಿ ಮೊಣಕಾಲು ಸೋಲುತ್ತಿತ್ತು. ಉಂಡು ಬಂದ ಗುಮಾಸ್ತೆಯ ಹೊಡೆತದಲ್ಲಿ ಯಾವ ದಯೆಯೂ ಇರಲಿಲ್ಲ. ಮೂರನೆಯ ಗೇಮಿನಲ್ಲಿ ಬೇರೆ ದಾರಿ ಇಲ್ಲದೆ ಒಂದು ಚೆಂಡನ್ನು ಕಪ್ಪು ಬದಿಯಿಂದ ತಡೆದರು. ಅದು ನೆಟ್ಟು ದಾಟಿ ಮೂಲೆಗೆ ಬಿತ್ತು. ಬ್ಯಾಟು ತಿರುಗಿಸಿ ನೋಡಿದರು, ಬೆರಳಾಡಿಸಿದರು. ಗುಳ್ಳೆ ಇರಲಿಲ್ಲ. ಅಲ್ಲಿಂದ ಬೇರೆಯೇ ಆಟ. ಮೂರನೆಯದನ್ನೂ ನಾಲ್ಕನೆಯದನ್ನೂ ಗೆದ್ದರು. ಪ್ರತಿ ಪಾಯಿಂಟಿನ ನಡುವೆ ಬಿಚ್ಚಿಕೊಳ್ಳುತ್ತಿದ್ದ ಪ್ಲಾಸ್ಟರಿನ ತುದಿಯನ್ನು ಒತ್ತುತ್ತಿದ್ದರು, ನಾನು ಅದು ಕಿತ್ತುಬರುತ್ತದೆಂದು ಪ್ರತಿ ಸಲವೂ ಹೆದರುತ್ತಿದ್ದೆ. ಐದನೆಯ ಗೇಮು ಸಮಸಮವಾಗಿ ಏರುತ್ತ ಹೋಯಿತು. ಕೊನೆಯ ಚೆಂಡನ್ನು ಗುಮಾಸ್ತೆ ಹೊರಗೆ ಹೊಡೆದರು.

ಸಿಸ್ಟರ್ ಕೈ ಎತ್ತಲಿಲ್ಲ, ಕೂಗಲಿಲ್ಲ. ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತರು. ಗುಮಾಸ್ತೆ ಟೇಬಲ್ ಸುತ್ತಿ ಬಂದು ಕೈ ಕೊಟ್ಟು ಎಬ್ಬಿಸಿದರು.

"ಮುಂದಿನ ವರ್ಷ ನೋಡ್ಕೋತೀನಿ ನಿಮ್ಮನ್ನ."

"ಮುಂದಿನ ವರ್ಷ ನಾ ಇರಂಗಿಲ್ರಿ, ರಿಟೈರ್."

ಗುಮಾಸ್ತೆಗೆ ಅದು ಗೊತ್ತಿರಲಿಲ್ಲ. 

ರಾಜ್ಯಮಟ್ಟದ ಕೂಟದ ಮೊದಲ ಸುತ್ತಿನಲ್ಲೇ ಸಿಸ್ಟರ್ ಸೋತು ಬಂದರು. ಅದರ ಬಗ್ಗೆ ಬೇಸರವಿರಲಿಲ್ಲ. ನಿವೃತ್ತಿಯ ನಂತರ ಬಹಳ ದಿನ ಬದುಕಲಿಲ್ಲ. ಎದೆನೋವೆಂದು ತಾವೇ ಆಟೋ ಹತ್ತಿ ಆಸ್ಪತ್ರೆಗೆ ಹೋದರು. ನಾವು ತಲುಪುವಷ್ಟರಲ್ಲಿ ಮುಗಿದಿತ್ತು. ಬಾಣಂತಿಯರು ಕೂಸುಗಳನ್ನು ಎತ್ತಿಕೊಂಡು ವಾರ್ಡಿನ ಬಾಗಿಲಿಗೆ ಬಂದು ನಿಂತಿದ್ದರು.

ನಿಧನ ವಾರ್ತೆಯನ್ನು ನಾನೇ ಬರೆದೆ. ಸ್ವಂತದ್ದನ್ನು ಸೇರಿಸಬಾರದೆಂಬುದು ನಾನು ಪಾಲಿಸಿಕೊಂಡು ಬಂದ ನಿಯಮ. ವೃತ್ತಿ, ಸೇವೆ, ಬಂಧುಗಳು, ಅಂತ್ಯಕ್ರಿಯೆಯ ಸಮಯ. ಕೊನೆಯಲ್ಲಿ ಆಟದ ಬಗ್ಗೆ ಒಂದು ವಾಕ್ಯ ಬರೆದಿದ್ದೆ. ಜಾಗ ಸಾಲದೆಂದು ಕಚೇರಿಯಲ್ಲಿ ಅದನ್ನು ತೆಗೆದರು. ನಾನಾಗಿದ್ದರೂ ಅದನ್ನೇ ತೆಗೆಯುತ್ತಿದ್ದೆ.

ಸುದ್ದಿ ಬಂದ ದಿನ ಬೆಳಿಗ್ಗೆ ಗಂಗಾವತಿಯಿಂದ ಗುಮಾಸ್ತೆಯ ಫೋನು ಬಂತು. ಕುಶಲ ಕೇಳಲಿಲ್ಲ, ಸಮಾಧಾನ ಹೇಳಲಿಲ್ಲ.

"ಪೇಪರಿನ್ಯಾಗ ಓದಿದೆ. ಆಟದ ವಿಷಯ ಯಾಕ ಇಲ್ರಿ?"

ಜಾಗ ಸಾಲಲಿಲ್ಲ ಎಂದೆ.

"ಎಷ್ಟು ಜಾಗ ಬೇಕ್ರಿ ಅದಕ್ಕ?" ಅವರ ದನಿ ಒಡೆದಿತ್ತು. "ನಾ ಸೋತೀನಿ. ಆಕಿ ಕೈಯಾಗ ನಾ ಸೋತೀನಿ. ಇಷ್ಟ ಬರೀರಿ ಸಾಕು, ನನ್ನ ಹೆಸರ ಹಾಕೇ ಬರೀರಿ."

ಹೆಸರು ಹಾಕಿಲ್ಲ. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.